ಟೋಪಿ ಕೊಡದೆ ಟೋಪಿ ಹಾಕಿದವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು ಮತ್ತು ಆಡಳಿತ ಮಂಡಳಿಯವರು,
ಸ್ಕಾಟಿಷ್ ಫುಟ್‌ಬಾಲ್ ಅಸೋಸಿಯೇಷನ್,
ಹ್ಯಾಂಪ್ಡನ್ ಪಾರ್ಕ್, ಗ್ಲಾಸ್ಗೋ.

ಮಾನ್ಯರೇ,

ನಮಸ್ಕಾರ. ನಾನು ಸ್ಕಾಟ್ಲೆಂಡಿನವನಲ್ಲ, ಇಂಗ್ಲೆಂಡಿನವನೂ ಅಲ್ಲ. ಬೆಂಗಳೂರಿನವನು. ಹೊಟ್ಟೆಪಾಡಿಗೆ ಬಂದು ಒಂಬತ್ತು ವರ್ಷದಿಂದ ನಾಟಿಂಗ್‌ಹ್ಯಾಮಿನಲ್ಲಿ ಇದ್ದೇನೆ. ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮ್ಮ ವಿಳಾಸಕ್ಕೆ ಅಂಚೆಯಲ್ಲಿ ಹಾಕಿದ್ದೇನೆ. ಕನ್ನಡದಲ್ಲೂ ಯಾಕೆ ಬರೆದೆ ಅಂದರೆ, ಸಿಟ್ಟು ಬಂದಾಗ ನನಗೆ ಕನ್ನಡವೇ ಸರಿಯಾಗಿ ಬರೋದು. ಜೊತೆಗೆ ಈ ವಿಷಯಕ್ಕೆ ತಕ್ಕ ಮಾತು ನಮ್ಮಲ್ಲೇ ಇದೆ. ಕನ್ನಡದಲ್ಲಿ ಟೋಪಿ ಹಾಕೋದು ಅಂದರೆ ಮೋಸ ಮಾಡೋದು. ದೇಶಕ್ಕೆ ಆಡಿದ ಒಬ್ಬ ಆಟಗಾರನಿಗೆ ನಿಮ್ಮ ಸಂಸ್ಥೆ, ಕೊಡಬೇಕಾದ ಗೌರವದ ಟೋಪಿ ಕೊಡದೆಯೇ ಟೋಪಿ ಹಾಕಿತು. ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳೋದು ಅಂತ ಎರಡು ದಿನ ತಲೆ ಕೆರೆದುಕೊಂಡು ಕೊನೆಗೆ ಬಿಟ್ಟುಬಿಟ್ಟೆ.

ಆ ಆಟಗಾರ ಸ್ಟೂವರ್ಟ್ ಇಮ್ಲಾಕ್. ಎಡ ವಿಂಗರ್, ಅಂದರೆ ಮೈದಾನದ ಎಡ ಅಂಚಿನಲ್ಲಿ ದಾಳಿ ಮಾಡುವ ಆಟಗಾರ. ನಿಮಗೆ ಹೆಸರು ಗೊತ್ತೇ ಇರುತ್ತದೆ. ಕನ್ನಡದಲ್ಲಿ ಓದುವವರಿಗೆ ಗೊತ್ತಿರೋದಿಲ್ಲ, ಹಾಗಾಗಿ ನಿಮಗೆ ಗೊತ್ತಿರೋದನ್ನೇ ಸ್ವಲ್ಪ ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ ಅವರ ಹೆಸರು ಸಿಕ್ಕಿದ್ದು ಪಕ್ಕದ ಮನೆಯ ಅಜ್ಜನಿಂದ. ಅಜ್ಜನಿಗೆ ಎಂಬತ್ತು ದಾಟಿದೆ, ಇಲ್ಲಿನ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಫುಟ್‌ಬಾಲ್ ತಂಡದ ಹುಟ್ಟಾ ಅಭಿಮಾನಿ. ನನ್ನ ಮಗ ಹಿತ್ತಲಲ್ಲಿ ಎಡಗಾಲಲ್ಲಿ ಚೆಂಡು ಒದೆಯೋದನ್ನು ನೋಡಿ ಬೇಲಿಯ ಆ ಕಡೆಯಿಂದಲೇ, ‘ಇಮ್ಲಾಕ್ ಥರ ಓಡು, ಗೆರೆ ತನಕ ಹೋಗು, ಅಲ್ಲಿಂದ ಹಿಂದಕ್ಕೆ ಕೊಡು’ ಅಂತ ಕೂಗುತ್ತಿದ್ದರು. ಮೊದಮೊದಲು ಇಮ್ಲಾಕ್ ಅಂದರೆ ಯಾವುದೋ ಇಂಗ್ಲಿಷ್ ಗಾದೆ ಇರಬೇಕು ಅಂದುಕೊಂಡಿದ್ದೆ. ಆಮೇಲೆ ಒಂದು ದಿನ ಚಹಾಕ್ಕೆ ಕರೆದು ಕೇಳಿದೆ. ಎರಡು ಗಂಟೆ ಹೇಳಿದರು. ಹೋಗುವಾಗ ಬಾಗಿಲಲ್ಲಿ ನಿಂತು, ‘ಅವನ ದೇಶ ಅವನಿಗೆ ಟೋಪಿ ಕೊಡಲಿಲ್ಲ ಗೊತ್ತಾ’ ಅಂದರು. ನನಗೆ ಅರ್ಥ ಆಗಲಿಲ್ಲ. ಅರ್ಥ ಆದ ದಿನದಿಂದ ಈ ಪತ್ರ ತಲೆಯಲ್ಲಿ ಕೂತಿದೆ.

ಇಮ್ಲಾಕ್ ಹುಟ್ಟಿದ್ದು 1932ರಲ್ಲಿ, ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಯ ಲಾಸಿಮೌತ್‌ನಲ್ಲಿ. ಮೀನುಗಾರರ ಊರು. ಬ್ರಿಟನ್ನಿನ ಮೊದಲ ಲೇಬರ್ ಪ್ರಧಾನಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ಹುಟ್ಟಿದ್ದೂ ಅದೇ ಊರಲ್ಲಿ. ಇಮ್ಲಾಕ್ ಬಡಗಿ ಕೆಲಸ ಕಲಿತವರು. 1952ರಲ್ಲಿ ಇಂಗ್ಲೆಂಡಿಗೆ ಬಂದು ಬರಿ (Bury) ಅನ್ನೋ ಊರಿನ ತಂಡ ಸೇರಿದರು, ಅಲ್ಲಿಂದ ಡರ್ಬಿ, 1955ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್. 1957ರಲ್ಲಿ ಫಾರೆಸ್ಟ್ ಎರಡನೇ ಡಿವಿಜನ್ನಿನಿಂದ ಮೊದಲನೆಯದಕ್ಕೆ ಏರಿತು. ಎಡಗಡೆಯ ಗೆರೆ ಪಕ್ಕ ಓಡಿ ಓಡಿ ಏರಿಸಿದವರಲ್ಲಿ ಇವರೂ ಒಬ್ಬರು. ಮರುವರ್ಷ ನೀವು ಕರೆದಿರಿ.

1958ರ ಮೇ 7ರಂದು ಹ್ಯಾಂಪ್ಡನ್‌ನಲ್ಲಿ ಹಂಗೆರಿ ಎದುರು ಮೊದಲ ಪಂದ್ಯ. 1-1. ಜೂನ್ 1ರಂದು ವಾರ್ಸಾದಲ್ಲಿ ಪೋಲೆಂಡ್ ಎದುರು. 2-1, ಗೆಲುವು. ಆಮೇಲೆ ಸ್ವೀಡನ್ನಿನಲ್ಲಿ ವಿಶ್ವಕಪ್. ಜೂನ್ 8ಕ್ಕೆ ಯುಗೊಸ್ಲಾವಿಯಾ ಎದುರು ಆಡಿದರು, 1-1. ಪರಾಗ್ವೆ ಎದುರಿನ ಪಂದ್ಯಕ್ಕೆ ಅವರನ್ನು ಕೂರಿಸಿದಿರಿ, 2-3ರಲ್ಲಿ ಸೋತಿರಿ. ಜೂನ್ 15ಕ್ಕೆ ಫ್ರಾನ್ಸ್ ಎದುರು ಮತ್ತೆ ಇಳಿಸಿದಿರಿ. ಎದುರಿಗೆ ಫ್ರಾನ್ಸಿನ ಹೆಸರಾಂತ ಆಟಗಾರರಾದ ಕೋಪಾ ಮತ್ತು ಫೋಂಟೇನ್. ಒಂದೇ ವಿಶ್ವಕಪ್‌ನಲ್ಲಿ 13 ಗೋಲು ಹೊಡೆದ ಆ ಫೋಂಟೇನ್! ಇವತ್ತಿಗೂ ಆ ದಾಖಲೆ ಹಾಗೇ ಇದೆ. ಸ್ಕಾಟ್ಲೆಂಡ್ ಒಂದು ಪೆನಾಲ್ಟಿ ಹಾಳು ಮಾಡಿಕೊಂಡು 1-2ರಲ್ಲಿ ಸೋತು ಊರಿಗೆ ಬಂತು. ಇಮ್ಲಾಕ್ ಅವರ ಅಂತರರಾಷ್ಟ್ರೀಯ ಆಟ ಅಲ್ಲಿಗೆ ಮುಗಿಯಿತು. ಲೆಕ್ಕ ಹಾಕಿದರೆ 40 ದಿನ, 4 ಪಂದ್ಯ.

ಆ ತಂಡ ಎಂಥ ಸ್ಥಿತಿಯಲ್ಲಿ ಹೋಗಿತ್ತು ಅನ್ನೋದನ್ನೂ ಹೇಳಬೇಕು. ಮ್ಯಾನೇಜರ್ ಆಗಬೇಕಿದ್ದವರು ಮ್ಯಾಂಚೆಸ್ಟರ್ ಯುನೈಟೆಡ್‌ನ ಮ್ಯಾಟ್ ಬಸ್ಬಿ. ಫೆಬ್ರವರಿ 6ರ ಮ್ಯೂನಿಕ್ ವಿಮಾನ ಅಪಘಾತದಲ್ಲಿ ಅವರು ಸಾವಿನ ಬಾಗಿಲಿಗೆ ಹೋಗಿ ಬಂದಿದ್ದರು. ಹಾಗಾಗಿ ವಿಶ್ವಕಪ್‌ಗೆ ತಂಡ ಮ್ಯಾನೇಜರ್ ಇಲ್ಲದೆಯೇ ಹೋಯಿತು. ಟ್ರೇನರ್ ಡಾಸನ್ ವಾಕರ್ ಅವರೇ ಎಲ್ಲ ನೋಡಿಕೊಂಡರು. ತಂಡ ಆರಿಸೋದು ಮಾತ್ರ ನಿಮ್ಮ ಕಮಿಟಿ. ನಮ್ಮ ಕಡೆ ಕಮಿಟಿ ಅಂದರೆ ಏನು ಅಂತ ಓದುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಈಗ ಟೋಪಿಯ ವಿಷಯ.

ದೇಶಕ್ಕೆ ಆಡಿದವರಿಗೆ ನಿಮ್ಮ ಕಡೆ ಕ್ಯಾಪ್ ಕೊಡುತ್ತಾರೆ. ಮಾತಿಗೆ ಹೇಳೋದಲ್ಲ, ನಿಜವಾದ ಟೋಪಿಯೇ. ಮಖಮಲ್ಲಿನದು, ಮೇಲೊಂದು ಗೊಂಡೆ. ನಾನು ಹ್ಯಾಂಪ್ಡನ್‌ನಲ್ಲಿರುವ ನಿಮ್ಮ ಮ್ಯೂಸಿಯಮ್ಮಿಗೆ ಬಂದು ಗಾಜಿನ ಹಿಂದೆ ಇಟ್ಟಿದ್ದನ್ನು ನೋಡಿದೆ. ತಲೆಗೆ ಹಾಕಿಕೊಂಡು ಬೀದಿಯಲ್ಲಿ ಹೋದರೆ ಮಕ್ಕಳು ನಗುತ್ತಾರೆ, ಅಂಥ ಟೋಪಿ. ಆದರೆ ಮನೆಯ ಶೋಕೇಸಿನಲ್ಲಿ ಅದು ಇದ್ದರೆ ಬಂದವರಿಗೆ ಬೇರೆ ಏನೂ ಹೇಳಬೇಕಾಗಿಲ್ಲ. ಇಮ್ಲಾಕ್ ಅವರಿಗೆ ಅಂಥದ್ದು ಒಂದೂ ಸಿಗಲಿಲ್ಲ. ಪುಸ್ತಕಗಳಲ್ಲಿ ಅವರ ಹೆಸರಿನ ಮುಂದೆ ‘4 ಕ್ಯಾಪ್’ ಅಂತ ಇದೆ. ಮನೆಯಲ್ಲಿ ಸೊನ್ನೆ.

ಯಾಕೆ ಅಂದರೆ ನಿಮ್ಮ ಆಗಿನ ಕಾನೂನು. ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್, ಈ ಮೂವರ ಎದುರು ಆಡಿದರೆ ಮಾತ್ರ ಟೋಪಿ. ಬೇರೆ ಯಾವ ದೇಶದ ಎದುರು ಆಡಿದರೂ ಇಲ್ಲ. ವಿಶ್ವಕಪ್ ಆದರೂ ಇಲ್ಲ!

ಇದನ್ನು ನಾನು ಮೂರು ಸಲ ಓದಿದೆ. ನಾಲ್ಕನೇ ಸಲ ಹೆಂಡತಿಗೆ ಓದಿ ಹೇಳಿದೆ. ಅವಳಿಗೆ ಫುಟ್‌ಬಾಲ್ ಅಂದರೆ ಅಷ್ಟಕ್ಕಷ್ಟೇ. ಅವಳೂ, ‘ಅಂದರೆ ಪಕ್ಕದ ಮನೆಯವರ ಜೊತೆ ಆಡಿದರೆ ಬಹುಮಾನ, ಊರಾಚೆ ಹೋಗಿ ಆಡಿದರೆ ಇಲ್ವಾ?’ ಅಂದಳು. ಹೌದು ಮಾನ್ಯರೇ, ಅಷ್ಟೇ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಒಂದು ಸಂಜೆ ಆಡಿದವನಿಗೆ ಟೋಪಿ. ಸ್ವೀಡನ್ನಿನಲ್ಲಿ ಫೋಂಟೇನ್ ಇದ್ದ ಮೈದಾನದಲ್ಲಿ ಓಡಿದವನಿಗೆ ಬರಿಗೈ. ಇನ್ನೊಂದು ತಮಾಷೆ ಏನಂದರೆ, ಬ್ರಿಟನ್ನಿನ ನಾಲ್ಕೂ ದೇಶಗಳು ಒಟ್ಟಿಗೆ ವಿಶ್ವಕಪ್‌ಗೆ ಹೋದದ್ದು ಅದೊಂದೇ ಸಲ, 1958ರಲ್ಲಿ. ಆದರೆ ಸ್ಕಾಟ್ಲೆಂಡಿನ ಗುಂಪಿನಲ್ಲಿ ಉಳಿದ ಮೂರರಲ್ಲಿ ಒಂದೂ ಇರಲಿಲ್ಲ. ಇದ್ದಿದ್ದರೆ ಏನು ಮಾಡುತ್ತಿದ್ದಿರೋ!

ಈ ಕಾನೂನು ಎಲ್ಲಿಂದ ಬಂತು ಅಂತ ನನಗೆ ಅರ್ಥವಾಗೋದಿಲ್ಲ ಅಂತಲ್ಲ. ಜಗತ್ತಿನ ಮೊದಲ ಅಂತರರಾಷ್ಟ್ರೀಯ ಪಂದ್ಯ ನಡೆದದ್ದೇ ನಿಮ್ಮ ಊರಲ್ಲಿ. 1872ರ ನವೆಂಬರ್ 30, ಗ್ಲಾಸ್ಗೋದ ಪಾರ್ಟಿಕ್‌ನ ಒಂದು ಕ್ರಿಕೆಟ್ ಮೈದಾನದಲ್ಲಿ, ಇಂಗ್ಲೆಂಡ್ ಎದುರು, 0-0. ಅಲ್ಲಿಂದ ಮುಂದೆ ಎಷ್ಟೋ ವರ್ಷ ನಿಮಗೆ ಅಂತರರಾಷ್ಟ್ರೀಯ ಅಂದರೆ ಈ ನಾಲ್ಕು ದೇಶಗಳ ನಡುವಿನದ್ದೇ. ಸಮುದ್ರ ದಾಟಿ ಯುರೋಪಿಗೆ ಆಡಲು ಹೋದದ್ದು 1929ರಲ್ಲಿ, ನಾರ್ವೆಗೆ. ಆಗ ಅದನ್ನು ಪ್ರವಾಸ ಅಂದುಕೊಂಡಿರಿ. ಸರಿ, ಅಂದುಕೊಳ್ಳಿ. ಆದರೆ 1954ಕ್ಕೆ ವಿಶ್ವಕಪ್ ಆಡಿದಿರಿ, 1958ಕ್ಕೆ ಆಡಿದಿರಿ. ಹಂಗೆರಿ ತಂಡ 1953ರಲ್ಲಿ ವೆಂಬ್ಲಿಗೇ ಬಂದು ಇಂಗ್ಲೆಂಡಿಗೆ 6 ಗೋಲು ಬಡಿದು ಹೋಯಿತು. ಫುಟ್‌ಬಾಲ್ ಎಲ್ಲಿದೆ ಅಂತ ಎಲ್ಲರಿಗೂ ಕಾಣುತ್ತಿತ್ತು, ನಿಮ್ಮ ಟೋಪಿ ಹೊಲಿಸುವವರಿಗೆ ಬಿಟ್ಟು. 1970ರ ದಶಕದ ನಡುವಿನವರೆಗೂ ಆ ಕಾನೂನು ಹಾಗೇ ಇತ್ತು. ಬದಲಾಯಿಸಿದಾಗಲೂ ಮುಂದೆ ಆಡುವವರಿಗೆ ಮಾತ್ರ ಬದಲಾಯಿಸಿದಿರಿ. ಹಿಂದೆ ಆಡಿದವರ ನೆನಪು ಯಾರಿಗೂ ಬರಲಿಲ್ಲ.

ಆ ಕಾಲದ ಆಟಗಾರನಿಗೆ ಒಂದು ಟೋಪಿ ಅಂದರೆ ಎಷ್ಟು ದೊಡ್ಡದು ಅನ್ನೋದಕ್ಕೆ ಇಮ್ಲಾಕ್ ಅವರ ಉಳಿದ ಬದುಕನ್ನೂ ನೋಡಿ.

1959ರ ಮೇ 2, ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡಿನ ದೊಡ್ಡ ನಾಕೌಟ್ ಟೂರ್ನಮೆಂಟ್ ಎಫ್‌ಎ ಕಪ್‌ನ ಫೈನಲ್. ಫಾರೆಸ್ಟ್ ಮತ್ತು ಲೂಟನ್. ನಮ್ಮ ಅಜ್ಜ ಇದನ್ನು ಹೇಳುವಾಗ ಚಹಾ ಲೋಟವೇ ಚೆಂಡು, ಬಿಸ್ಕತ್ತೇ ಗೋಲ್‌ಕೀಪರ್. ಹತ್ತನೇ ನಿಮಿಷಕ್ಕೆ ಇಮ್ಲಾಕ್ ಎಡಗಡೆಯಿಂದ ನುಗ್ಗಿ, ಕೊನೆಯ ಗೆರೆ ಹತ್ತಿರ ಹೋಗಿ, ಚೆಂಡನ್ನು ಹಿಂದಕ್ಕೆ ಕೊಟ್ಟರು. ರಾಯ್ ಡ್ವೈಟ್ ಹೊಡೆದರು, ಗೋಲು. ಹದಿನಾಲ್ಕನೇ ನಿಮಿಷಕ್ಕೆ ಟಾಮಿ ವಿಲ್ಸನ್ ಇನ್ನೊಂದು. ಮೂವತ್ಮೂರನೇ ನಿಮಿಷಕ್ಕೆ ಅದೇ ಡ್ವೈಟ್ ಅವರ ಕಾಲು ಮುರಿಯಿತು. (ಗಾಯಕ ಎಲ್ಟನ್ ಜಾನ್ ಇವರ ನೆಂಟ.) ಆಗ ಬದಲಿ ಆಟಗಾರ ಅನ್ನೋದೇ ಇರಲಿಲ್ಲ. ಉಳಿದ ಹತ್ತೇ ಜನ ಒಂದು ಗಂಟೆಗೆ ಹತ್ತಿರ ಓಡಿದರು. ಲೂಟನ್ ಒಂದು ಗೋಲು ತೀರಿಸಿತು, ಇನ್ನೊಂದಕ್ಕೆ ಬಿಡಲಿಲ್ಲ. 2-1. ಡ್ವೈಟ್ ಉಳಿದ ಪಂದ್ಯವನ್ನು ಆಸ್ಪತ್ರೆಯ ಟಿವಿಯಲ್ಲಿ ನೋಡಿದರು. ಮೂರನೇ ಸುತ್ತಿನಲ್ಲಿ ಟೂಟಿಂಗ್ ಅಂಡ್ ಮಿಚಮ್ ಅನ್ನೋ ಸಣ್ಣ ತಂಡದ ಕೈಯಲ್ಲಿ ಸೋಲು ತಪ್ಪಿಸಿಕೊಂಡು 2-2 ಮಾಡಿಕೊಂಡು ಬಂದವರು ಇವರೇ ಅಂತ ಹೇಳಿದರೆ ನಂಬೋದು ಕಷ್ಟ.

ಆಗ ಫುಟ್‌ಬಾಲಿಗನ ಸಂಬಳ ಎಷ್ಟು ಗೊತ್ತಾ? ಇಂಗ್ಲೆಂಡಿನ ಲೀಗಿನಲ್ಲಿ ವಾರಕ್ಕೆ 20 ಪೌಂಡಿನ ಮೇಲೆ ಯಾರಿಗೂ ಕೊಡುವಂತಿರಲಿಲ್ಲ, ಬೇಸಿಗೆಯಲ್ಲಿ 17. ವಿಶ್ವಕಪ್ ಆಡಿದವನಾಗಲಿ, ಕಪ್ ಗೆದ್ದವನಾಗಲಿ, ಅಷ್ಟೇ. ಇಮ್ಲಾಕ್ ಬೇಸಿಗೆ ರಜೆ ಬಂದರೆ ಉಳಿ ಸುತ್ತಿಗೆ ಹಿಡಿದು ಬಡಗಿ ಕೆಲಸಕ್ಕೆ ಹೋಗುತ್ತಿದ್ದರು. ಇದ್ದ ಮನೆ ಸಾಮಾನ್ಯವಾಗಿ ಕ್ಲಬ್ಬಿನದು. ಬೇರೆ ತಂಡಕ್ಕೆ ಮಾರಿದರೆ ಹೆಂಡತಿ ಮಕ್ಕಳ ಜೊತೆ ಗಂಟುಮೂಟೆ ಕಟ್ಟಬೇಕು. ಒಪ್ಪಂದ ಮುಗಿದರೂ ಕ್ಲಬ್ ಬಿಡದಿದ್ದರೆ ಎಲ್ಲಿಗೂ ಹೋಗುವಂತಿಲ್ಲ. 20 ಪೌಂಡಿನ ಮಿತಿ ಹೋದದ್ದು 1961ರ ಜನವರಿಯಲ್ಲಿ. ಒಪ್ಪಂದ ಮುಗಿದವನನ್ನೂ ಕಟ್ಟಿಹಾಕೋದು ಕಾನೂನಿಗೆ ಸರಿಯಲ್ಲ ಅಂತ ಜಾರ್ಜ್ ಈಸ್ಟ್‌ಹ್ಯಾಮ್ ಕೇಸಿನಲ್ಲಿ ಕೋರ್ಟು ಹೇಳಿದ್ದು 1963ರಲ್ಲಿ. ಅಷ್ಟರಲ್ಲಿ ಇಮ್ಲಾಕ್ ಅವರ ಒಳ್ಳೆಯ ವರ್ಷಗಳು ಮುಗಿದಿದ್ದವು. ಕಪ್ ಗೆದ್ದ ಮರುವರ್ಷವೇ ಫಾರೆಸ್ಟ್ ಅವರನ್ನು ಮಾರಿತು. ಯಾರಿಗೆ? ಫೈನಲ್‌ನಲ್ಲಿ ಯಾರನ್ನು ಸೋಲಿಸಿದ್ದರೋ ಅದೇ ಲೂಟನ್ನಿಗೆ. ಅಲ್ಲಿ ಸ್ವಲ್ಪ ದಿನ, ಆಮೇಲೆ ಕವೆಂಟ್ರಿ, ಆಮೇಲೆ ಕ್ರಿಸ್ಟಲ್ ಪ್ಯಾಲೇಸ್, ಕೊನೆಗೆ ಕೋಚಿಂಗ್. ಎವರ್ಟನ್ ತಂಡದಲ್ಲಿ ಕೋಚ್ ಆಗಿದ್ದರು.

ದುಡ್ಡು ಕೂಡಿಡುವ ಹಾಗಿರಲಿಲ್ಲ, ಸ್ವಂತ ಮನೆ ಮಾಡೋದು ಕಷ್ಟ, ಎಲ್ಲಿರಬೇಕು ಅನ್ನೋದೂ ತಮ್ಮ ಕೈಯಲ್ಲಿಲ್ಲ. ಅಂಥವರಿಗೆ ಉಳಿಯೋದು ಏನು? ಒಂದು ಮೆಡಲ್, ಒಂದು ಟೋಪಿ, ಎರಡು ಫೋಟೋ. ಅದರಲ್ಲಿ ಟೋಪಿಯನ್ನೇ ಉಳಿಸಿಕೊಂಡಿರಿ ನೀವು. ಅದಕ್ಕೆ ಎಷ್ಟು ಖರ್ಚಾಗುತ್ತಿತ್ತು? ನಿಮ್ಮ ಕಮಿಟಿಯವರ ಒಂದು ಊಟದ ಬಿಲ್ಲಿಗಿಂತ ಜಾಸ್ತಿ ಆಗುತ್ತಿರಲಿಲ್ಲ ಅಂತ ನನ್ನ ಅಂದಾಜು.

ಇಮ್ಲಾಕ್ 2001ರಲ್ಲಿ ತೀರಿಕೊಂಡರು. ಅವರ ಮಗ ಗ್ಯಾರಿ ಇಮ್ಲಾಕ್ ಟಿವಿ ಪತ್ರಕರ್ತರು. ಅವರು ಅಪ್ಪನ ಆಟದ ಬದುಕನ್ನು ಹುಡುಕಿಕೊಂಡು ಹೋಗಿ, ಟೋಪಿ ಯಾಕಿಲ್ಲ ಅಂತ ಬರೆದು, ಕೇಳಿ, ಜಗಳ ಆಡಿ, ನಿಮ್ಮ ಬಾಗಿಲು ತಟ್ಟಿದ ಮೇಲೆ, 2006ರಲ್ಲಿ ನೀವು ಒಪ್ಪಿಕೊಂಡಿರಿ. ಹಿಂದೆ ಬೇರೆ ದೇಶಗಳ ಎದುರು ಮಾತ್ರ ಆಡಿ ಟೋಪಿ ಸಿಗದೇ ಹೋದವರಿಗೂ ಕೊಡುತ್ತೇವೆ ಅಂದಿರಿ. ಹಿಬರ್ನಿಯನ್ ತಂಡದ ಎಡ್ಡಿ ಟರ್ನ್‌ಬುಲ್ ಅವರಿಗೆ ಎಂಬತ್ತು ದಾಟಿದ ಮೇಲೆ ಸಿಕ್ಕಿತು. 1958ರಲ್ಲಿ ಅವರೂ ಸ್ವೀಡನ್ನಿಗೆ ಹೋಗಿದ್ದರು. ಪುಣ್ಯಕ್ಕೆ ಬದುಕಿದ್ದರು, ಕೈಯಲ್ಲಿ ಹಿಡಿದು ನೋಡಿದರು. ಇಮ್ಲಾಕ್ ಅವರದ್ದು ಐದು ವರ್ಷ ತಡವಾಯಿತು.

‘ಸರಿ ಮಾಡಿದ್ದೇವಲ್ಲ, ಮತ್ತೇನು ತಕರಾರು?’ ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ನಮ್ಮಪ್ಪನ ಕಥೆ ಹೇಳಿ ಉತ್ತರ ಕೊಡುತ್ತೇನೆ, ಸ್ವಲ್ಪ ಸಹಿಸಿಕೊಳ್ಳಿ.

ನಮ್ಮಪ್ಪ ಬೆಂಗಳೂರಿನ ಒಂದು ಕಾರ್ಖಾನೆಯ ತಂಡಕ್ಕೆ ಆಡುತ್ತಿದ್ದರು. ಅವರೂ ಎಡ ವಿಂಗ್. ಯಾವುದೋ ಒಂದು ಟೂರ್ನಮೆಂಟ್ ಗೆದ್ದಾಗ ಎಲ್ಲರಿಗೂ ಬ್ಲೇಜರ್ ಹೊಲಿಸಿ ಕೊಡುತ್ತೇವೆ ಅಂದರಂತೆ. ಅಳತೆಯನ್ನೂ ತೆಗೆದುಕೊಂಡರಂತೆ. ಬ್ಲೇಜರ್ ಬರಲೇ ಇಲ್ಲ. ಇದು ನಾನು ಹುಟ್ಟೋದಕ್ಕೆ ಮುಂಚಿನ ಮಾತು. ಇವತ್ತಿಗೂ ಯಾರದಾದರೂ ಮದುವೆಯಲ್ಲಿ ಹುಡುಗ ಕೋಟು ಹಾಕಿಕೊಂಡು ಬಂದರೆ ಅಪ್ಪ ಒಂದು ಕ್ಷಣ ಸುಮ್ಮನಾಗಿ, ‘ನಮ್ಮದು ಕಡು ನೀಲಿ’ ಅನ್ನುತ್ತಾರೆ. ಹೊಲಿಯದ ಕೋಟಿನ ಬಣ್ಣ ಅದು! ಫೋನಿನಲ್ಲಿ ಅವರಿಗೆ ಇಮ್ಲಾಕ್ ಕಥೆಯನ್ನೆಲ್ಲಾ ಹೇಳಿದೆ. ಫ್ರಾನ್ಸ್, ವೆಂಬ್ಲಿ, ಎಲ್ಲ. ಅವರು ಕೇಳಿದ್ದು ಒಂದೇ, ‘ಕೊನೆಗೆ ಕೊಟ್ರಾ?’ ಕೊಟ್ಟರು ಅಪ್ಪ, ಅವರು ಹೋಗಿ ಐದು ವರ್ಷ ಆದಮೇಲೆ ಅಂದೆ. ‘ಹಂಗಾದ್ರೆ ಕೊಟ್ಟಂಗಲ್ಲ ಬಿಡು’ ಅಂದರು.

ಆದದ್ದು ಆಯಿತು. 1958ರಲ್ಲಿ ಕುರ್ಚಿಯಲ್ಲಿ ಕೂತಿದ್ದವರು ಯಾರೂ ಈಗ ಅಲ್ಲಿಲ್ಲ, ಆದರೆ ಕುರ್ಚಿ ಅದೇ ಅಲ್ವಾ? ಹಾಗಾಗಿ ನನ್ನ ಕೋರಿಕೆಗಳು ನಿಮಗೇ.

1929ರಿಂದ ಆ ಕಾನೂನು ಹೋಗುವ ತನಕ ಟೋಪಿ ಸಿಗದೆ ಹೋದ ಪ್ರತಿಯೊಬ್ಬರ ಹೆಸರನ್ನೂ, ಯಾವ ದೇಶದ ಎದುರು, ಯಾವತ್ತು ಆಡಿದರು ಅನ್ನೋದನ್ನೂ ಒಂದೇ ಕಡೆ, ಯಾರು ಬೇಕಾದರೂ ನೋಡುವ ಹಾಗೆ ಹಾಕಿ. ಯಾರ ಮನೆಗಾದರೂ ಟೋಪಿ ಇನ್ನೂ ತಲುಪಿಲ್ಲ ಅಂದರೆ ಅವರು ಅರ್ಜಿ ಹಾಕಲಿ ಅಂತ ಕಾಯಬೇಡಿ. ಮೊಮ್ಮಕ್ಕಳಿಗೆ ಈ ವಿಷಯವೇ ಗೊತ್ತಿಲ್ಲದೆ ಇರಬಹುದು. ನೀವೇ ವಿಳಾಸ ಹುಡುಕಿ. ಅವತ್ತು ತಂಡಕ್ಕೆ ಕರೆಯುವಾಗ ವಿಳಾಸ ಹುಡುಕಿಯೇ ಕಾಗದ ಹಾಕಿದ್ದಿರಿ ತಾನೇ? ಜೊತೆಗೆ ಒಂದು ಪುಟ ಬರೆಯಿರಿ. ಈ ಕಾನೂನು ಯಾಕೆ ಇತ್ತು, ಬದಲಾಯಿಸೋಕೆ ಇಷ್ಟು ವರ್ಷ ಯಾಕೆ ಹಿಡಿಯಿತು, ಇದಕ್ಕೆ ವಿಷಾದ ಇದೆಯೋ ಇಲ್ಲವೋ. ‘ಅಂದಿನ ಪದ್ಧತಿಯಂತೆ’ ಅಂತ ಶುರು ಮಾಡೋದಾದರೆ ಬರೆಯದಿದ್ದರೂ ಪರವಾಗಿಲ್ಲ, ಸರ್ಕಾರಿ ಕಚೇರಿಗಳಿಂದ ಅಂಥ ಕಾಗದ ನನ್ನ ಹತ್ತಿರ ಬೇಕಾದಷ್ಟಿವೆ.

ಯುದ್ಧಕಾಲದವರನ್ನೂ ಮರೆಯಬೇಡಿ. ಅಲ್ಲೂ ಒಬ್ಬ ವಿಂಗರ್ ಇದ್ದಾರೆ ನೋಡಿ, ಜಿಮ್ಮಿ ಡೆಲೇನಿ. 1946ರ ಏಪ್ರಿಲ್ 13, ಯುದ್ಧ ಮುಗಿದ ಮೇಲಿನ ವಿಕ್ಟರಿ ಪಂದ್ಯ, ಹ್ಯಾಂಪ್ಡನ್‌ನಲ್ಲಿ ಸುಮಾರು 1,39,000 ಜನ. ಕೊನೆಯ ಗಳಿಗೆಯಲ್ಲಿ ಡೆಲೇನಿ ಗೋಲು ಹೊಡೆದು ಇಂಗ್ಲೆಂಡನ್ನು 1-0ರಲ್ಲಿ ಸೋಲಿಸಿದರು. ಈ ಡೆಲೇನಿ ಸಾಮಾನ್ಯದವರಲ್ಲ. ಸೆಲ್ಟಿಕ್ ಜೊತೆ 1937ರಲ್ಲಿ ಸ್ಕಾಟಿಷ್ ಕಪ್, ಮ್ಯಾಂಚೆಸ್ಟರ್ ಯುನೈಟೆಡ್ ಜೊತೆ 1948ರಲ್ಲಿ ಎಫ್‌ಎ ಕಪ್, ಡೆರಿ ಸಿಟಿ ಜೊತೆ 1954ರಲ್ಲಿ ಐರಿಷ್ ಕಪ್, ಮೂರು ಕಡೆ ಗೆದ್ದವರು. ಆದರೆ ಆ 1946ರ ಪಂದ್ಯ ಅಧಿಕೃತ ಪಟ್ಟಿಯಲ್ಲಿ ಇಲ್ಲ. ಒಂದು ಲಕ್ಷಕ್ಕೂ ಜಾಸ್ತಿ ಜನ ಟಿಕೆಟ್ ಕೊಂಡು ನೋಡಿದ್ದು ಏನನ್ನು ಹಾಗಾದರೆ? ಅಂಕಿ ಅಂಶದವರು ಅಂಥ ಪಂದ್ಯಗಳನ್ನು ಬೇರೆ ಪಟ್ಟಿಯಲ್ಲಿ ಇಡೋದಕ್ಕೆ ಅವರ ಕಾರಣ ಇರಬಹುದು, ನನ್ನ ತಕರಾರಿಲ್ಲ. ಪಟ್ಟಿ ಬೇರೆ ಇರಲಿ, ಟೋಪಿ ಕೊಡೋದಕ್ಕೆ ಏನು ಅಡ್ಡಿ? 1958ರವರಿಗೆ 2006ರಲ್ಲಿ ಕೊಡಬಹುದಾದರೆ 1946ರವರಿಗೂ ಕೊಡಬಹುದು.

ಕೊನೆಯದು ನಿಮ್ಮ ಮ್ಯೂಸಿಯಮ್ಮಿನ ವಿಷಯ. ಜಗತ್ತಿನ ಅತಿ ಹಳೆಯ ರಾಷ್ಟ್ರೀಯ ಫುಟ್‌ಬಾಲ್ ಕಪ್ ಅಲ್ಲಿದೆ, ತುಂಬ ಚೆನ್ನಾಗಿ ಇಟ್ಟಿದ್ದೀರಿ, ನನ್ನ ಮಗ ಗಾಜಿಗೆ ಮೂಗು ಒತ್ತಿ ನೋಡಿದ. ಅದರ ಹತ್ತಿರ ಎಲ್ಲಾದರೂ ಇನ್ನೊಂದು ಸಣ್ಣ ಗಾಜಿನ ಪೆಟ್ಟಿಗೆ ಇಡಿ. ಒಳಗೆ ಟೋಪಿ ಇಡೋ ಮರದ ಸ್ಟ್ಯಾಂಡ್ ಮಾತ್ರ ಇರಲಿ, ಟೋಪಿ ಬೇಡ. ಸ್ಟ್ಯಾಂಡನ್ನು ಯಾರಾದರೂ ಬಡಗಿ ಕೈಯಲ್ಲಿ ಮಾಡಿಸಿ. ಕೆಳಗೆ ಒಂದು ಚೀಟಿ: ‘ಸ್ಟೂವರ್ಟ್ ಇಮ್ಲಾಕ್, ಲಾಸಿಮೌತ್. ಹಂಗೆರಿ, ಪೋಲೆಂಡ್, ಯುಗೊಸ್ಲಾವಿಯಾ, ಫ್ರಾನ್ಸ್. 1958.’ ಅಷ್ಟು ಸಾಕು. ಪೆಟ್ಟಿಗೆ ಯಾಕೆ ಖಾಲಿ ಅಂತ ಬಂದವರು ಕೇಳುತ್ತಾರೆ, ನಿಮ್ಮ ಸಿಬ್ಬಂದಿ ಹೇಳಲಿ.

ಉತ್ತರ ಬರೆದರೆ ಇಂಗ್ಲಿಷಿನಲ್ಲೇ ಬರೆಯಿರಿ. ಅಪ್ಪನಿಗೆ ನಾನು ಓದಿ ಹೇಳುತ್ತೇನೆ.

ಇಂತಿ,
ನಾಟಿಂಗ್‌ಹ್ಯಾಮಿನಿಂದ ಒಬ್ಬ ಕನ್ನಡಿಗ

ವಿ.ಸೂ.: ಪಕ್ಕದ ಮನೆಯ ಅಜ್ಜ ಈ ಪತ್ರದ ಇಂಗ್ಲಿಷ್ ಪ್ರತಿ ಓದಿದರು. ಫೈನಲ್‌ನ ಮೊದಲ ಗೋಲಿಗೆ ಇನ್ನೂ ನಾಲ್ಕು ಸಾಲು ಬೇಕಿತ್ತು ಅಂತ ಅವರ ದೂರು.